ಹೊಸ ಬೊಂಗೊ ತಗೊಳ್ಳಬೇಕು: ಯಾವುದು, ಎಷ್ಟು ದೊಡ್ಡದು, ಧಾರವಾಡದ ಮಳೆಗೆ ತಡೆಯುತ್ತಾ?

ಕೇಶ್ವಾಪುರ ಹುಡುಗ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕೈದು ಗೆಳೆಯರು ಸೇರಿ ಭಾವಗೀತೆ, ಹಳೇ ಚಿತ್ರಗೀತೆ ಹಾಡುತ್ತೇವೆ. ಗಣಪತಿ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಕರೆದ ಕಡೆ ಹೋಗುತ್ತೇವೆ. ಗಿಟಾರ್ ಇದೆ, ಕೀಬೋರ್ಡ್ ಇದೆ. ತಾಳಕ್ಕೆ ಇಲ್ಲಿವರೆಗೆ ಕೀಬೋರ್ಡಿನ ಬೀಟ್ ಹಾಕಿಕೊಂಡೇ ಸಾಗಿಸಿದ್ದೇವೆ. ಹಾಡುವವರು ಸ್ವಲ್ಪ ನಿಧಾನ ಮಾಡಿದರೂ ಅದು ತನ್ನ ಪಾಡಿಗೆ ಮುಂದೆ ಹೋಗಿಬಿಡುತ್ತದೆ. ಈಗ ಬೊಂಗೊ, ಅಂದರೆ ಕೈಯಿಂದ ಬಾರಿಸುವ ಆ ಚಿಕ್ಕ ಜೋಡಿ ಡ್ರಮ್ಮು, ತರೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಬಾರಿಸುವ ಕೆಲಸ ನನ್ನ ತಲೆಗೆ ಬಂದಿದೆ, ಯಾಕಂದ್ರೆ ಸಣ್ಣವನಿದ್ದಾಗ ಸ್ವಲ್ಪ ತಬಲಾ ಕಲಿತಿದ್ದೆ.

ದುರ್ಗದಬೈಲ್ ಕಡೆ, ಕೊಪ್ಪಿಕರ್ ರಸ್ತೆ ಕಡೆ ಅಂಗಡಿ ನೋಡಿ ಬಂದೆ. ಒಂದು ಕಡೆ ಮೂರು ಸಾವಿರದ ಒಳಗೆ ಒಂದು ಜೋಡಿ ಕೊಡುತ್ತೇನೆ ಅಂದರು. ಇನ್ನೊಂದು ಕಡೆ ಹೊರದೇಶದ ಕಂಪನಿಯದ್ದು, ಹತ್ತು ಸಾವಿರ ದಾಟುತ್ತದೆ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಂಡವು. ಅಷ್ಟು ದುಡ್ಡಿನ ಫರಕು ಎಲ್ಲಿದೆ?

ಇನ್ನೊಂದು ವಿಷಯ. ನಮ್ಮ ಅಭ್ಯಾಸ ಧಾರವಾಡದಲ್ಲಿ, ಗೆಳೆಯನ ಮನೆಯಲ್ಲಿ. ಅಲ್ಲಿನ ಮಳೆ ಗೊತ್ತಲ್ವಾ. ಹೆಡ್, ಅಂದರೆ ಕೈ ಬೀಳುವ ಮೇಲಿನ ಹೊದಿಕೆ, ತೊಗಲಿನದ್ದು ತಗೊಳ್ಳಬೇಕೋ ಪ್ಲಾಸ್ಟಿಕ್ಕಿನದ್ದು ತಗೊಳ್ಳಬೇಕೋ? ನಮ್ಮ ಅಜ್ಜಿ ಬೇರೆ ತೊಗಲಿನ ಸಾಮಾನು ದೇವರ ಕೋಣೆ ಹತ್ತಿರ ಸುಳಿಯಬಾರದು ಅಂತ ಹೇಳಿಬಿಟ್ಟಿದ್ದಾರೆ.

ಗದಗ ರಿದಮ್

ತಮ್ಮಾ, ದರ ಆಮೇಲೆ. ಮೊದಲು ಅಳತೆ ನೋಡು. ಬೊಂಗೊದಲ್ಲಿ ಚಿಕ್ಕದಕ್ಕೆ ಮಾಚೊ, ದೊಡ್ಡದಕ್ಕೆ ಎಂಬ್ರಾ ಅಂತಾರೆ. ಆರ್ಕೆಸ್ಟ್ರಾದವರು ಬಳಸುವ ಜೋಡಿಯಲ್ಲಿ ಚಿಕ್ಕದು ಏಳು ಇಂಚಿನ ಆಸುಪಾಸು, ದೊಡ್ಡದು ಎಂಟೂವರೆ ಇಂಚಿನ ಆಸುಪಾಸು ಇರುತ್ತದೆ. ಕಲಿಯುವವರಿಗೆ ಅಂತ ಆರೂವರೆ-ಏಳೂವರೆ, ಆರೂಮುಕ್ಕಾಲು-ಎಂಟು ಇಂಚಿನವೂ ಬರುತ್ತವೆ. ಅವೂ ನಡೆಯುತ್ತವೆ. ಆರು-ಏಳಕ್ಕಿಂತ ಕೆಳಗಿನದ್ದು ಮಾತ್ರ ಬೇಡ, ಅದು ಮಕ್ಕಳ ಆಟಿಕೆ. ಬೆರಳಿಗೆ ಜಾಗ ಸಾಲುವುದಿಲ್ಲ, ದೊಡ್ಡದರಲ್ಲಿ ಬರಬೇಕಾದ ತುಂಬು ನಾದ ಬರುವುದಿಲ್ಲ.

ದುಡ್ಡಿನ ಫರಕು ಇರುವುದು ಕಬ್ಬಿಣದಲ್ಲಿ. ಮೇಲಿನ ಬಳೆ, ಅದನ್ನು ಕೆಳಗೆ ಎಳೆದು ಹಿಡಿಯುವ ಬೋಲ್ಟು, ಅಡಿಯ ಬಳೆ, ನಡುವೆ ಎರಡನ್ನೂ ಕೂಡಿಸುವ ಮರದ ತುಂಡು. ಅಗ್ಗದ ಜೋಡಿಯಲ್ಲಿ ಮೇಲಿನ ಬಳೆ ತೆಳ್ಳಗಿರುತ್ತದೆ. ಚಿಕ್ಕದನ್ನು ಶ್ರುತಿಗೆ ತರಲು ಬಿಗಿ ಮಾಡುತ್ತಾ ಹೋದಂತೆ ಬಳೆ ಬಾಗುತ್ತದೆ. ಒಮ್ಮೆ ಬಾಗಿದರೆ ಆಮೇಲೆ ಎಷ್ಟು ತಿರುಗಿಸಿದರೂ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ.

ಅಂಗಡಿಯವರಿಗೆ ಒಂದೇ ಪ್ರಶ್ನೆ ಕೇಳು: "ಹೆಡ್ ಹರಿದರೆ ಇದೇ ಅಳತೆಯ ಹೊಸ ಹೆಡ್ ಸಿಗುತ್ತಾ?" ಹೌದು ಅಂತ ನೇರವಾಗಿ ಹೇಳಿದರೆ ಮುಂದಿನ ಮಾತು.

ಮಾಳಮಡ್ಡಿ ತಬಲಾ

ಪ್ಲಾಸ್ಟಿಕ್ ಅಂತ ಕೇಳುವುದೇ ಬೇಡ. ತೊಗಲಿನ ನಾದ ತೊಗಲಿನದ್ದೇ. ನಮ್ಮ ತಬಲಾಕ್ಕೆ ಯಾರಾದರೂ ಪ್ಲಾಸ್ಟಿಕ್ ಪುಡಿ (ಮೇಲಿನ ಹೊದಿಕೆ) ಹಾಕುತ್ತಾರಾ? ಧಾರವಾಡದಲ್ಲಿ ಎಷ್ಟು ಮಳೆಗಾಲ ಬಂದು ಹೋಗಿವೆ, ಎಷ್ಟು ಬೈಠಕ್ ನಡೆದಿವೆ. ತಬಲಾ ಬಾರಿಸುವುದನ್ನು ಯಾರೂ ನಿಲ್ಲಿಸಿಲ್ಲ.

ಸಪ್ತಾಪುರ ಅಕ್ಕ

ಕಾಕಾ, ನಿಮ್ಮ ಮಾತು ಸರಿ, ಆದರೆ ನೀವು ಬೈಠಕ್ಕಿಗೆ ಮೊದಲು ಶ್ರುತಿ ಮಾಡಲು ಸುತ್ತಿಗೆ ಹಿಡಿದು ಎಷ್ಟು ಹೊತ್ತು ಕೂರುತ್ತೀರಿ ಅಂತಲೂ ಹೇಳಬೇಕಲ್ವಾ? 😄

ನಾನು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಶಾಲೆಯಲ್ಲಿ ಎರಡೂ ಥರ ಇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೊಗಲಿನ ಬೊಂಗೊ ಬೆಳಗ್ಗೆ ಕೈಗೆ ತಗೊಂಡರೆ ಸಪ್ಪೆ ಹೊಡೆಯುತ್ತದೆ. ತೊಗಲು ಗಾಳಿಯ ತೇವ ಎಳೆದುಕೊಂಡು ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಪ್ಲಾಸ್ಟಿಕ್ ಹೆಡ್ ಹಾಗಲ್ಲ, ಮಳೆ ಇರಲಿ ಬಿಸಿಲಿರಲಿ ಹೆಚ್ಚು ಕಡಿಮೆ ನಿನ್ನೆ ಬಿಟ್ಟ ಜಾಗದಲ್ಲೇ ಇರುತ್ತದೆ. ನಾದ ಸ್ವಲ್ಪ ಚುರುಕು, ಸ್ವಲ್ಪ ಒಣಕಲು. ಮೈಕ್ ಮುಂದೆ ಕೂತು ಕೀಬೋರ್ಡಿನ ಜೊತೆ ಬಾರಿಸುವಾಗ ಕೇಳುವವರಿಗೆ ಆ ಫರಕು ಗೊತ್ತಾಗುವುದು ಕಡಿಮೆ.

ಅಜ್ಜಿಯ ವಿಷಯಕ್ಕೂ ಅದೇ ಸುಲಭದ ದಾರಿ. ಮಕ್ಕಳ ಮನೆಯಿಂದ ನನಗೂ ಈ ಮಾತು ಬರುತ್ತದೆ. ವಾದ ಮಾಡುವ ಬದಲು ಪ್ಲಾಸ್ಟಿಕ್ ಹೆಡ್ಡಿನದ್ದು ಮನೆಗೆ ಕಳಿಸುತ್ತೇನೆ.

ಮಾಳಮಡ್ಡಿ ತಬಲಾ

ಸುತ್ತಿಗೆ ಹಿಡಿದು ಕೂರುವುದೂ ಸಾಧನೆಯೇ ಅಕ್ಕಾ. ಕಿವಿ ತಯಾರಾಗುವುದು ಆಗಲೇ.

ಹಾವೇರಿ ಹಲಗಿ

ತೊಗಲು ಸಪ್ಪೆ ಆದರೆ ಬೆಂಕಿ ತೋರಿಸಿದರೆ ಆಯ್ತಲ್ಲ? ನಾವು ಹಲಗಿಗೆ ಅದನ್ನೇ ಮಾಡೋದು. ಹೋಳಿ ಹುಣ್ಣಿಮೆಗೆ ಹುಲ್ಲು ಹಚ್ಚಿ ಕಾಯಿಸಿದರೆ ಒಂದು ಗಳಿಗೆಯಲ್ಲಿ ಟಣ್ ಅನ್ನುತ್ತದೆ. ಹುಬ್ಬಳ್ಳಿಯವರ ಜಗ್ಗಲಗಿಯೂ ತೊಗಲಿನದ್ದೇ ತಾನೆ.

ಗದಗ ರಿದಮ್

ಹಲಗಿ ಅಣ್ಣಾ, ನೀವು ಹೇಳಿದ್ದು ಹಳೇ ಬೊಂಗೊಕ್ಕೆ ಪೂರ್ತಿ ಸರಿ. ಬೊಂಗೊ ಹುಟ್ಟಿದ್ದು ಕ್ಯೂಬಾದ ಪೂರ್ವ ಭಾಗದಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ತಾಳ, ಸ್ಪೇನಿನವರ ಗಿಟಾರು ಎರಡೂ ಕೂಡಿದ 'ಸೋನ್' ಅನ್ನುವ ಹಾಡಿನ ಜೊತೆ ಇದು ಬೆಳೆಯಿತು. 20ನೇ ಶತಮಾನದ ಆರಂಭದಲ್ಲಿ ಆ ಸಂಗೀತದ ಜೊತೆಗೇ ಹವಾನಾ ಸೇರಿತು. ಆಗ ಬೋಲ್ಟು ಗೀಲ್ಟು ಏನೂ ಇರಲಿಲ್ಲ. ತೊಗಲನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಶ್ರುತಿ ಇಳಿದರೆ ಬೆಂಕಿಯ ಹತ್ತಿರ ಹಿಡಿದು ಕಾಯಿಸುತ್ತಿದ್ದರು. ಸಾವಿರಾರು ಮೈಲಿ ದೂರದವರೂ ನಿಮ್ಮ ದಾರಿಯನ್ನೇ ಹಿಡಿದಿದ್ದರು ನೋಡಿ. ಬೋಲ್ಟಿನ ಪದ್ಧತಿ ಬಂದದ್ದು 1940ರ ದಶಕದ ಹೊತ್ತಿಗೆ.

ಈಗಿನದ್ದಕ್ಕೆ ಮಾತ್ರ ಬೆಂಕಿ ಬೇಡ. ಬೋಲ್ಟ್ ಬಿಗಿಯಾಗಿದ್ದಾಗ ಕಾಯಿಸಿದರೆ ತೊಗಲು ಇನ್ನಷ್ಟು ಕುಗ್ಗುತ್ತದೆ, ಹೋಗಲು ಜಾಗ ಇರುವುದಿಲ್ಲ, ಪಟ್ ಅಂತ ಸೀಳುತ್ತದೆ. ಚಿಕ್ಕದು ಮೊದಲು ಹೋಗುತ್ತದೆ. ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಡ್ರಮ್ಮಾದರೆ ಅಂಟೂ ಬಿಡಬಹುದು.

ಹಾವೇರಿ ಹಲಗಿ

ಇದು ಗೊತ್ತಿರಲಿಲ್ಲ. ಬೋಲ್ಟ್ ಹಾಕಿ ಬೆಂಕಿ ಬಿಡಿಸಿದರು ಅನ್ನಿ.

ನಟ್ಟು ಬೋಲ್ಟು

ಗೋಕುಲ ರಸ್ತೆಯ ವರ್ಕ್‌ಶಾಪ್ ಮನುಷ್ಯ ನಾನು. ವಾದ್ಯ ಬಾರಿಸಲು ಬರುವುದಿಲ್ಲ, ಮಗ ಬಾರಿಸುತ್ತಾನೆ. ಬೋಲ್ಟ್ ಬಗ್ಗೆ ಮಾತ್ರ ನಾನು ಹೇಳಬಲ್ಲೆ.

ಅಂಗಡಿಯಲ್ಲಿ ಪ್ರತಿ ಬೋಲ್ಟಿನ ನಟ್ಟನ್ನು ಕೈಯಿಂದ ಸ್ವಲ್ಪ ಸಡಿಲ ಮಾಡಿ, ಮತ್ತೆ ಕೂರಿಸಿ ನೋಡಿ. ಕರಕರ ಅಂದರೆ, ನಡುವೆ ಹಿಡಿದುಕೊಂಡರೆ ಥ್ರೆಡ್ ಸರಿ ಕೊರೆದಿಲ್ಲ. ಕ್ರೋಮ್ ಹೊಳಪು ನೋಡಿ ಮರುಳಾಗಬೇಡಿ. ಬೋಲ್ಟಿನ ಮೇಲ್ತುದಿಯ ಕೊಕ್ಕೆ ಬಳೆಯ ಮೇಲೆ ಪೂರ್ತಿ ಕೂತಿದೆಯಾ ನೋಡಿ. ಅರ್ಧ ಕೂತದ್ದು ಒಂದು ದಿನ ಜಾರುತ್ತದೆ.

ಪಾನಾ ಸೆಟ್ಟಿನ ಜೊತೆಯೇ ಬರಬೇಕು. ಕಳೆದು ಹೋದರೆ ಜಾಸ್ತಿ ಸೆಟ್ಟುಗಳಿಗೆ 13 ಎಂಎಂ ಕೂರುತ್ತದೆ. ಕೆಲವು ಅರ್ಧ ಇಂಚಿನವು ಇರುತ್ತವೆ, ಅಂದರೆ 12.7 ಎಂಎಂ. 13ರ ಪಾನಾ ಅದಕ್ಕೂ ಕೂರುತ್ತದೆ, ಆದರೆ ಸ್ವಲ್ಪ ಆಟ ಇರುತ್ತದೆ, ಜೋರು ಮಾಡಿದರೆ ನಟ್ಟಿನ ಮೂಲೆ ಸವೆಯುತ್ತದೆ. ಇಕ್ಕಳ ಅಂತೂ ಮುಟ್ಟಿಸಲೇಬೇಡಿ.

ಹೊಸದು ತಂದ ಕೂಡಲೇ ಪ್ರತಿ ಬೋಲ್ಟಿನ ಥ್ರೆಡ್ಡಿಗೆ ಬೆಂಕಿಕಡ್ಡಿ ತುದಿಯಲ್ಲಿ ಚೂರು ಗ್ರೀಸ್ ಹಚ್ಚಿ. ಗ್ರೀಸ್ ಇಲ್ಲದಿದ್ದರೆ ವ್ಯಾಸಲೀನ್ ಸಾಕು. ತೊಗಲಿಗೆ, ಮರಕ್ಕೆ ತಾಗಬಾರದು. ಧಾರವಾಡದ ತೇವಕ್ಕೆ ಮೊದಲು ತುಕ್ಕು ಹಿಡಿಯುವುದು ಥ್ರೆಡ್ಡಿಗೇ. ಹೊರಗೆ ಎಲ್ಲಾ ಫಳಫಳ ಇರುತ್ತದೆ, ಒಳಗೆ ನಟ್ಟು ಕಚ್ಚಿಕೊಂಡಿರುತ್ತದೆ.

ಕೇಶ್ವಾಪುರ ಹುಡುಗ

ಕಾಕಾ ಇದು ಬಹಳ ಉಪಯೋಗ ಆಯ್ತು. ಬಿಗಿ ಮಾಡುವುದು ಹೇಗೆ? ತಬಲಾದಲ್ಲಿ ಗಟ್ಟೆ (ಪಕ್ಕದ ಮರದ ತುಂಡು) ಹೊಡೆಯುವುದು ಗೊತ್ತು, ಇದು ಗೊತ್ತಿಲ್ಲ. ಒಂದಾದ ಮೇಲೆ ಒಂದು ಸುತ್ತಿ ಬರಬೇಕಾ, ಎದುರು ಬದುರು ಮಾಡಬೇಕಾ?

ನಟ್ಟು ಬೋಲ್ಟು

ಕಾರಿನ ಚಕ್ರದ ನಟ್ಟಿನ ಹಾಗೆ ಎದುರು ಬದುರು. ಒಂದೇ ಕಡೆ ಪೂರ್ತಿ ಬಿಗಿ ಮಾಡಿದರೆ ಇನ್ನೊಂದು ಕಡೆ ಏಳುತ್ತದೆ.

ಗದಗ ರಿದಮ್

ಎದುರು ಬದುರಾದರೂ ಸರಿ, ಸುತ್ತಿ ಬಂದರೂ ಸರಿ. ಕೈಯಿಂದ ಬಾರಿಸುವ ಡ್ರಮ್ಮಿಗೆ ಎಷ್ಟೋ ಜನ ಸುತ್ತಿಯೇ ಬರುತ್ತಾರೆ. ಮುಖ್ಯ ಏನಂದ್ರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬಾರದು. ಎಲ್ಲಾ ಬೋಲ್ಟಿಗೂ ಕಾಲು ಸುತ್ತು, ಆಮೇಲೆ ಎರಡನೇ ಸುತ್ತು. ನಡುನಡುವೆ ಡ್ರಮ್ಮನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮೇಲಿನ ಬಳೆ ಸಮ ಇದೆಯಾ ನೋಡು.

ಆಮೇಲೆ ಒಂದು ಬೆರಳಿನಿಂದ ಪ್ರತಿ ಬೋಲ್ಟಿನ ಮುಂದೆ, ಅಂಚಿನಿಂದ ಒಂದು ಇಂಚು ಒಳಗೆ, ಮೆಲ್ಲಗೆ ತಟ್ಟು. ಎಲ್ಲಾ ಕಡೆ ಒಂದೇ ಸ್ವರ ಬರಬೇಕು. ತಬಲಾ ಕಲಿತವನಿಗೆ ಇದನ್ನು ಹೇಳಿಕೊಡುವ ಅಗತ್ಯ ಇಲ್ಲ. ಕೆಳಗೆ ಇಳಿದ ಜಾಗದ ಬೋಲ್ಟನ್ನು ಮಾತ್ರ ಚೂರು ಬಿಗಿ ಮಾಡು.

ಚಿಕ್ಕದು ಬಹಳ ಮೇಲಿರಬೇಕು, ಮೇಜು ತಟ್ಟಿದಷ್ಟು ಗಟ್ಟಿ. ಹೊಸಬರು ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ, ಅದಕ್ಕೇ ಅವರ ಬೊಂಗೊ ಡಬ್ಬಾ ಅನಿಸುವುದು. ದೊಡ್ಡದನ್ನು ಅದಕ್ಕಿಂತ ನಾಲ್ಕೈದು ಸ್ವರ ಕೆಳಗೆ ಇಟ್ಟುಕೋ. ಸಾ-ಮ ಇಲ್ಲಾ ಸಾ-ಪ ಅಂತರ ಕಿವಿಗೆ ಹಿತ. ಹೊಸ ತೊಗಲಾದರೆ ಅವಸರ ಬೇಡ. ಮೊದಲ ಒಂದೆರಡು ವಾರ ತೊಗಲು ಜಗ್ಗುತ್ತಲೇ ಇರುತ್ತದೆ, ದಿನಾ ಸ್ವಲ್ಪ ಸ್ವಲ್ಪ ಮೇಲೆ ತಗೊಂಡು ಹೋಗು.

ಬಾರಿಸಿ ಮುಗಿದ ಮೇಲೆ ತೊಗಲಿನ ಚಿಕ್ಕದನ್ನು ಪ್ರತಿ ಬೋಲ್ಟಿಗೆ ಅರ್ಧದಿಂದ ಒಂದು ಸುತ್ತು ಸಡಿಲ ಮಾಡಿ ಇಡು. ಎಲ್ಲಾ ಬೋಲ್ಟಿಗೂ ಒಂದೇ ಲೆಕ್ಕ ಇರಲಿ, ನಾಳೆ ಅಷ್ಟೇ ತಿರುಗಿಸಿದರೆ ಶ್ರುತಿ ವಾಪಸ್. ದೊಡ್ಡದಕ್ಕೆ ಇದು ಅಷ್ಟು ಕಡ್ಡಾಯ ಅಲ್ಲ. ಪ್ಲಾಸ್ಟಿಕ್ಕಿಗೆ ಬೇಡವೇ ಬೇಡ.

ಉಣಕಲ್ ಕೆರೆ

ಇಷ್ಟೆಲ್ಲಾ ಮಾಡೋ ಬದಲು ಎಲೆಕ್ಟ್ರಾನಿಕ್ ಪ್ಯಾಡ್ ತಗೊಳ್ಳಬಾರದೇ? ಬಟನ್ ಒತ್ತಿದರೆ ಬೊಂಗೊ, ಕಾಂಗೊ, ಢೋಲಕ್ ಎಲ್ಲಾ ಬರುತ್ತದೆ.

ಕೇಶ್ವಾಪುರ ಹುಡುಗ

ಅಣ್ಣಾ, ಬಟನ್ನಿನಿಂದ ತಪ್ಪಿಸಿಕೊಳ್ಳಲಿಕ್ಕೇ ಇಲ್ಲಿಗೆ ಬಂದಿದ್ದು.

ಸಾಧನಕೇರಿ ಮಳೆ

ಮಳೆಯ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಧಾರವಾಡದಿಂದ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರು ಅಷ್ಟೇ, ಆದರೆ ತೊಗಲಿಗೆ ಆ ಇಪ್ಪತ್ತು ಬಹಳ ದೊಡ್ಡದು. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಜುಲೈನಲ್ಲಿ ಇಲ್ಲಿ ಜಿಟಿಜಿಟಿ ಹಿಡಿದು ಬಟ್ಟೆ ಒಣಗದೆ ಇರುವಾಗ ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿರುತ್ತದೆ. ಗದಗ ಇನ್ನೂ ಒಣ.

ಆದರೆ ನನ್ನ ಲೆಕ್ಕದಲ್ಲಿ ಮಳೆಗಿಂತ ಬೇಸಿಗೆ ಕೆಟ್ಟದ್ದು. ಮಳೆಯಲ್ಲಿ ತೊಗಲು ಸಡಿಲ ಆಗುತ್ತದೆ, ಬಿಗಿ ಮಾಡಿದರೆ ಮುಗಿಯಿತು. ಮಾರ್ಚ್‌ನಿಂದ ಮೇ ತನಕದ ಒಣ ಗಾಳಿಗೆ ತೊಗಲು ತಾನೇ ಬಿಗಿಯುತ್ತದೆ. ಸಂಜೆ ಕಾರ್ಯಕ್ರಮ ಮುಗಿಸಿ ಬಿಗಿಯಾಗಿಯೇ ಇಟ್ಟು ಮರುದಿನ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಯಾರೂ ಮುಟ್ಟದೆ ಹರಿಯುತ್ತದೆ. ನಮ್ಮ ಬಳಗದ ಒಬ್ಬರದ್ದು ಹಾಗೆಯೇ ಆಯಿತು. ಅವರು ಯಾರೋ ಚಾಕು ಹಾಕಿದ್ದಾರೆ ಅಂತ ವಾಚಮನ್‌ನನ್ನು ವಿಚಾರಿಸಿದರು, ಪಾಪ.

ಇನ್ನೊಂದು ಇಲಿ. ತೊಗಲಿನ ವಾಸನೆ ಅದಕ್ಕೆ ಬಹಳ ಇಷ್ಟ. ಅಟ್ಟದ ಮೇಲೆ ಬಟ್ಟೆ ಚೀಲದಲ್ಲಿ ಇಟ್ಟರೆ ಅಂಚಿನ ಕಡೆಯಿಂದ ಕಡಿಯಲು ಶುರು ಮಾಡುತ್ತದೆ. ಗಟ್ಟಿ ಡಬ್ಬಿ ಇರಲಿ.

ಸಪ್ತಾಪುರ ಅಕ್ಕ

ಚೀಲದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಬೊಂಗೊವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಬೇಡಿ. ಒಳಗಿನ ತೇವ ಹೊರಗೆ ಹೋಗದೆ ತೊಗಲಿಗೆ ಬೂಷ್ಟು ಬರುತ್ತದೆ. ಬೈಕಿನ ಮೇಲೆ ತರುವಾಗ ಹೊರಗೆ ಪ್ಲಾಸ್ಟಿಕ್ ಹಾಕಿ, ಮನೆ ಮುಟ್ಟಿದ ಕೂಡಲೇ ತೆಗೆಯಿರಿ. ಹೊಸ ಬೂಟಿನ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣ ಬಿಸಾಡದೆ ಚೀಲದಲ್ಲಿ ಹಾಕಿಡಿ. ಬೂಷ್ಟು ಬಂದೇ ಬಿಟ್ಟರೆ ಒಣ ಬಟ್ಟೆಯಿಂದ ಒರೆಸಿ, ಫ್ಯಾನ್ ಕೆಳಗೆ ಇಡಿ. ಬಿಸಿಲಿಗೆ ಹಾಕಬೇಡಿ.

ದಾಜಿಬಾನ್ ಪೇಟೆ

ತೊಗಲಿಗೆ ಎಣ್ಣೆ ಹಚ್ಚಬೇಕು ಅಂತ ಕೇಳಿದ್ದೆ. ಕೊಬ್ಬರಿ ಎಣ್ಣೆ ನಡೆಯುತ್ತಾ?

ಮಾಳಮಡ್ಡಿ ತಬಲಾ

ಬೇಡಪ್ಪಾ ಬೇಡ. ತೊಗಲು ಮೆತ್ತಗಾಗಿ ನಾದ ಸತ್ತು ಹೋಗುತ್ತದೆ. ತಲೆಗೆ ಹಚ್ಚಿಕೋ.

ಗದಗ ರಿದಮ್

ಕಾಕಾ ಹೇಳಿದ್ದೇ ಸರಿ. ದಿನಾ ಬಾರಿಸುವ ತೊಗಲಿಗೆ ಅಂಗೈಯ ಜಿಡ್ಡೇ ಸಾಕು. ಕೈ ತೊಳೆದು, ಒರೆಸಿಕೊಂಡು ಬಾರಿಸಿದರೆ ಅಷ್ಟೇ ಆರೈಕೆ. ಮಿರ್ಚಿ ಭಜಿ ತಿಂದ ಕೈ ಒರೆಸಿಕೊಳ್ಳದೆ ಕೂರುವವರನ್ನು ನಾನು ಬಹಳ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಉಂಗುರ ತೆಗೆದಿಡು. ಕೋಲಿನಿಂದ ಹೊಡೆಯಬೇಡ, ಬೇರೆಯವರ ಕೈಗೂ ಕೋಲು ಕೊಡಬೇಡ. ಗಣಪತಿ ಪೆಂಡಾಲಿನಲ್ಲಿ ಹುಡುಗರು ಡ್ರಮ್ ಕಂಡರೆ ಸಾಕು, ಕೈಗೆ ಸಿಕ್ಕಿದ ಕಡ್ಡಿ ತಗೊಂಡು ಬರುತ್ತಾರೆ.

ಕೇಶ್ವಾಪುರ ಹುಡುಗ

ಹಾಗಾದರೆ ಈಗ ಮನಸ್ಸು ಅರ್ಧ ಗಟ್ಟಿ ಆಯ್ತು. ಮರದ್ದು, ಆರೂಮುಕ್ಕಾಲು-ಎಂಟರ ಆಸುಪಾಸು, ಹೆಡ್ ಬದಲಿಸಲು ಬರುವಂಥದ್ದು. ಫೈಬರ್ ಗ್ಲಾಸ್ ಬೇಡ ತಾನೆ? ಆನ್‌ಲೈನ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತಿದೆ, ಅಂಗಡಿಯಲ್ಲೇ ತಗೊಳ್ಳಲಾ?

ಕಂಪನಿಗಳ ಹೆಸರು ಕೇಳಿದರೆ ಎಲ್‌ಪಿ (ಲ್ಯಾಟಿನ್ ಪರ್ಕಶನ್), ಮೈನಲ್ ಅಂತಾರೆ. ಬರೀ ಹೆಸರಿಗೆ ದುಡ್ಡಾ?

ಗದಗ ರಿದಮ್

ಹೆಸರಿಗೂ ಸ್ವಲ್ಪ ದುಡ್ಡು, ಸುಳ್ಳಲ್ಲ. ಆದರೆ ಎಲ್‌ಪಿ ಕಂಪನಿಯ ಕಥೆ ಕೇಳು. 1962ರಲ್ಲಿ ಅಮೆರಿಕ ಕ್ಯೂಬಾದ ಜೊತೆ ವ್ಯಾಪಾರ ನಿಲ್ಲಿಸಿಬಿಟ್ಟಿತು. ನ್ಯೂಯಾರ್ಕಿನವರಿಗೆ ಕ್ಯೂಬಾದ ಬೊಂಗೊ ಸಿಗುವುದು ನಿಂತಿತು. ಮಾರ್ಟಿನ್ ಕೋಹೆನ್ ಅನ್ನುವ ಎಂಜಿನಿಯರನಿಗೆ ಒಂದು ಜೋಡಿ ಬೇಕಿತ್ತು, ಸಿಗಲಿಲ್ಲ. ಬೇರೆಯವರ ಬೊಂಗೊ ನೋಡಿ ತಾನೇ ಮಾಡಿಕೊಂಡ, 1964ರಲ್ಲಿ ಕಂಪನಿ ಶುರು ಮಾಡಿದ. ಅಂಗೈಗೆ ಚುಚ್ಚದ ಹಾಗೆ ಮೇಲಿನ ಬಳೆಯನ್ನು ದುಂಡಗೆ ಬಗ್ಗಿಸಿದ್ದು ಅವರ ದೊಡ್ಡ ಕೆಲಸ. ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ. ಮೈನಲ್ ಜರ್ಮನಿಯ ಕಂಪನಿ. ಎರಡರಲ್ಲೂ ಕಲಿಯುವವರ ದರ್ಜೆಯ ಜೋಡಿಗಳು ಬರುತ್ತವೆ. ನಿನಗೆ ಅದು ಸಾಕು, ಮೇಲಿನದ್ದಕ್ಕೆ ಹೋಗಬೇಡ. ಉಳಿದ ದುಡ್ಡಿಗೆ ಒಂದು ಜೋಡಿ ಹೆಚ್ಚಿನ ಹೆಡ್ ತಗೋ.

ಈ ದರ್ಜೆಯಲ್ಲಿ ಜಾಸ್ತಿ ರಬ್ಬರ್ ಮರದ್ದೇ ಬರುತ್ತವೆ. 'ಸಯಾಮ್ ಓಕ್' ಅಂತ ದೊಡ್ಡ ಹೆಸರು ಬರೆದಿರುತ್ತಾರೆ, ಅದೂ ರಬ್ಬರ್ ಮರವೇ. ಕೆಟ್ಟದ್ದೇನಲ್ಲ, ಗಟ್ಟಿ ಇದೆ. ಫೈಬರ್ ಗ್ಲಾಸ್ ಜೋರು, ಚುರುಕು, ಬಯಲಿನ ಆರ್ಕೆಸ್ಟ್ರಾಕ್ಕೆ ಒಳ್ಳೆಯದು. ಭಾವಗೀತೆಗೆ ಮರವೇ ಚೆಂದ.

ಅಂಗಡಿಯಲ್ಲೇ ತಗೋ. ಕೈಯಲ್ಲಿ ಹಿಡಿದು ನೋಡದೆ ತೊಗಲಿನ ವಾದ್ಯ ಕೊಳ್ಳಬಾರದು. ನೋಡುವ ರೀತಿ ಹೇಳುತ್ತೇನೆ. ಬೊಂಗೊದ ಅಡಿ ತೆರೆದೇ ಇರುತ್ತದೆ. ಮೊಬೈಲಿನ ಟಾರ್ಚ್ ಹಚ್ಚಿ ಅಡಿಯಿಂದ ಒಳಗೆ ಹಿಡಿ, ಮೇಲಿನಿಂದ ತೊಗಲು ನೋಡು. ದಪ್ಪ ಇರುವ ಕಡೆ ಕಂದು, ತೆಳು ಇರುವ ಕಡೆ ಹಳದಿ ಬೆಳಕು ಬರುತ್ತದೆ. ಚಾಕು ತಾಗಿದ ಗೆರೆ ಇದ್ದರೆ ಕೂದಲೆಳೆಯಷ್ಟು ಬಿಳಿ ಕಾಣುತ್ತದೆ. ಆ ಗೆರೆ ಅಂಚಿನ ಹತ್ತಿರ ಇದ್ದರೆ ಆ ಜೋಡಿ ಬಿಟ್ಟು ಬಿಡು, ಹರಿಯುವುದು ಅಲ್ಲಿಂದಲೇ. ಹಾಗೇ ಟಾರ್ಚ್ ಅಡ್ಡ ಹಿಡಿದು ಒಳಗಿನ ಮರದ ಗೋಡೆ ನೋಡು. ಪಟ್ಟಿ ಪಟ್ಟಿ ಕೂಡಿಸಿದ ಕಡೆ ಬಿರುಕು ಇರಬಾರದು, ಅಂಟು ಗಡ್ಡೆ ಕಟ್ಟಿರಬಾರದು. ಆಮೇಲೆ ಚಿಕ್ಕದನ್ನು ಒಂದು ಕೈಯಲ್ಲಿ, ದೊಡ್ಡದನ್ನು ಒಂದು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡು. ನಡುವಿನ ತುಂಡು ಅಲುಗಿದರೆ ಬೇಡ.

ನಟ್ಟು ಬೋಲ್ಟು

ಟಾರ್ಚಿನ ಉಪಾಯ ಭಲೇ. ನಾವು ಪೈಪಿನ ವೆಲ್ಡಿಂಗ್ ನೋಡುವುದೂ ಹೀಗೇ.

ದಾಜಿಬಾನ್ ಪೇಟೆ

ಮೂರು ಸಾವಿರದ ನಮ್ಮ ದೇಶದ ಮಾಲು ಪೂರ್ತಿ ದಂಡ ಅಂತೀರಾ? ಉತ್ತರ ಪ್ರದೇಶದ ಅಮರೋಹಾದವರು ಢೋಲಕ್ ಎಷ್ಟು ಚೆನ್ನಾಗಿ ಮಾಡುತ್ತಾರೆ.

ಗದಗ ರಿದಮ್

ದಂಡ ಅಲ್ಲ. ಅವರಿಗೆ ಮರದ ಕೆಲಸ, ತೊಗಲಿನ ಕೆಲಸ ಚೆನ್ನಾಗಿ ಗೊತ್ತು. ಆದರೆ ಬೊಂಗೊ ಬೋಲ್ಟಿನ ವಾದ್ಯ, ಅಗ್ಗದ ಜೋಡಿಯಲ್ಲಿ ಕಬ್ಬಿಣ ಕೈಕೊಡುತ್ತದೆ. ಶಾಲೆಗೆ, ಭಜನೆಗೆ, ಶ್ರುತಿ ಅಷ್ಟು ಮೇಲೆ ಬೇಡ ಅನ್ನುವವರಿಗೆ ಅದು ಸಾಕು.

ಮಾಳಮಡ್ಡಿ ತಬಲಾ

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ತಬಲಾ ಕಲಿತವನಿಗೆ ಚಿಕ್ಕದು ಬಲಗಡೆ, ದೊಡ್ಡದು ಎಡಗಡೆ. ಅದು ಕೈಯಲ್ಲೇ ಕೂತಿರುತ್ತದೆ. ಬೊಂಗೊದವರು ಉಲ್ಟಾ ಇಡುತ್ತಾರೆ. ಹುಡುಗ ಉಲ್ಟಾ ಕಲಿತರೆ ತಬಲಾವೂ ಕೆಡುತ್ತದೆ. ತಬಲಾದ ಹಾಗೇ ಇಟ್ಟುಕೋ.

ಗದಗ ರಿದಮ್

ಕಾಕಾ, ಇದರಲ್ಲಿ ಮಾತ್ರ ನಿಮ್ಮ ಮಾತು ಒಪ್ಪುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ. ಬಲಗೈಯವರು ಚಿಕ್ಕದನ್ನು ಎಡಕ್ಕೆ ಇಡುವುದಕ್ಕೆ ಕಾರಣ ಇದೆ. ಬೊಂಗೊದ ಮೂಲ ನಡೆಗೆ ಮಾರ್ಟೀಯೊ ಅಂತಾರೆ. ಎಂಟು ಪೆಟ್ಟಿನದ್ದು. ಎಂಟರಲ್ಲಿ ಏಳು ಚಿಕ್ಕದರ ಮೇಲೇ ಬೀಳುತ್ತವೆ, ಎರಡೂ ಕೈ ಅಲ್ಲೇ ಇರುತ್ತವೆ. ಎಡಗೈಯ ಹೆಬ್ಬೆರಳು ಒಮ್ಮೆ, ಬೆರಳ ತುದಿಗಳು ಒಮ್ಮೆ, ಹೀಗೆ ತೂಗುತ್ತಾ ಇರುತ್ತದೆ. ಬಲಗೈ ಬೆರಳು ಅಂಚಿನ ಮೇಲೆ ಚುರುಕಾಗಿ ಹೊಡೆಯುತ್ತದೆ. ಏಳನೇ ಪೆಟ್ಟಿಗೆ ಮಾತ್ರ ಬಲಗೈ ಪಕ್ಕದ ದೊಡ್ಡದಕ್ಕೆ ಹೋಗಿ ಬರುತ್ತದೆ. ದೊಡ್ಡದು ಬಲಗಡೆ ಇದ್ದರೆ ಅದು ಸಲೀಸು. ಎಡಗಡೆ ಇದ್ದರೆ ಬಲಗೈ ಎಡಗೈಯನ್ನು ದಾಟಿ ಹೋಗಬೇಕು.

ನಮ್ಮ ಕೆಹರ್ವಾ ತಾಳಕ್ಕೂ ಎಂಟೇ ಮಾತ್ರೆ, ಅಂದರೆ ಎಂಟು ಎಣಿಕೆ. ಧಾ ಗೆ ನಾ ತಿ, ನಾ ಕೆ ಧಿ ನಾ. ಅದರಲ್ಲಿ ಏಳನೆಯದು ಧಿ, ಅಲ್ಲೂ ಡಗ್ಗಾ, ಅಂದರೆ ತಬಲಾ ಜೋಡಿಯ ದೊಡ್ಡದು, ಬೀಳುತ್ತದೆ! ಅದಕ್ಕೇ ತಬಲಾದವರಿಗೆ ಮಾರ್ಟೀಯೊ ಬೇಗ ಹತ್ತುತ್ತದೆ. ಆದರೆ ಕೆಹರ್ವಾದಲ್ಲಿ ಒಂದರ ಮೇಲಿನ ಧಾ ಕೂಡ ತುಂಬಿ ಬರಬೇಕು. ಮಾರ್ಟೀಯೊದಲ್ಲಿ ಒಂದರ ಮೇಲೆ ಚಿಕ್ಕದರ ಚುರುಕು ಪೆಟ್ಟು ಮಾತ್ರ.

ಮಾಳಮಡ್ಡಿ ತಬಲಾ

ಹುಡುಗ ಹಾಡುವುದು ಕ್ಯೂಬಾದ ಹಾಡಲ್ಲ, ಭಾವಗೀತೆ. ಅಲ್ಲಿ ಬೇಕಾದದ್ದು ಕೆಹರ್ವಾ, ದಾದ್ರಾ. ನಿನ್ನ ಮಾರ್ಟೀಯೊ ಯಾವ ಭಾವಗೀತೆಗೆ ಹೊಂದುತ್ತದೆ?

ಗದಗ ರಿದಮ್

ಗಿಟಾರ್ ಮೇಲೆ ಕಟ್ಟಿದ ಎಷ್ಟೋ ಹಾಡಿಗೆ ಹೊಂದುತ್ತದೆ ಕಾಕಾ. ದಾದ್ರಾಕ್ಕೆ ಆಗಲ್ಲ, ಅದು ಆರು ಮಾತ್ರೆಯ ತಾಳ, ಒಪ್ಪಿದೆ.

ಸಪ್ತಾಪುರ ಅಕ್ಕ

ನಾನು ತಬಲಾ ಬರುವ ಮಕ್ಕಳಿಗೆ ತಬಲಾದ ಹಾಗೆ, ಹೊಸ ಮಕ್ಕಳಿಗೆ ಚಿಕ್ಕದು ಎಡಕ್ಕೆ ಇಡಿಸುತ್ತೇನೆ. ಇಬ್ಬರೂ ಬಾರಿಸುತ್ತಾರೆ. ಈ ಜಗಳ ಇಲ್ಲಿಗೆ ಬಿಡಿ, ಇಲ್ಲಾಂದ್ರೆ ಹುಡುಗ ಬೊಂಗೊ ಬಿಟ್ಟು ಮಂಜೀರಾ ತಗೊಂಡು ಹೋಗುತ್ತಾನೆ.

ಕೂರುವ ಬಗ್ಗೆ ಹೇಳುತ್ತೇನೆ. ಕುರ್ಚಿ ಎತ್ತರ ಇರಬಾರದು. ಎರಡೂ ಮೊಣಕಾಲಿನ ನಡುವೆ ಬೊಂಗೊ ಹಿಡಿಯಬೇಕು. ದೊಡ್ಡದು ಬಲ ಮೊಣಕಾಲ ಮೇಲೆ ಸ್ವಲ್ಪ ಒರಗುತ್ತದೆ. ಬೋಲ್ಟು ತೊಡೆಗೆ ಒತ್ತುತ್ತದೆ, ತೆಳು ಪ್ಯಾಂಟ್ ಹಾಕಿದ್ದರೆ ಗೊತ್ತಾಗುತ್ತದೆ, ಒಂದು ಟವೆಲ್ ಹಾಕಿಕೊಳ್ಳಿ. ಅಡಿಯ ಬಾಯಿ ಮುಚ್ಚಬಾರದು, ನಾದ ಹೊರಗೆ ಹೋಗುವುದು ಅಲ್ಲಿಂದ. ಮೈಕ್ ಒಂದೇ ಇದ್ದರೆ ಮೇಲೆ ಹಿಡಿಸಿ.

ಉಣಕಲ್ ಕೆರೆ

ಕೈ ನೋಯಲ್ವಾ?

ಗದಗ ರಿದಮ್

ಶುರುವಿಗೆ ನೋಯುತ್ತದೆ. ಬೆರಳ ಬುಡ ಕೆಂಪಾದರೆ ಅವತ್ತಿಗೆ ನಿಲ್ಲಿಸಬೇಕು. ಜೋರಾಗಿ ಹೊಡೆದರೆ ನಾದ ಜಾಸ್ತಿ ಬರಲ್ಲ. ಬಿಗಿ ಸರಿ ಇದ್ದರೆ ಬೆರಳ ತುದಿಗೇ ಮಾತಾಡುತ್ತದೆ.

ಕೇಶ್ವಾಪುರ ಹುಡುಗ

ತಗೊಂಡೆ! ಆರೂಮುಕ್ಕಾಲು-ಎಂಟು, ಮರದ್ದು, ತೊಗಲಿನ ಹೆಡ್. ಟಾರ್ಚ್ ಹಾಕಿ ನೋಡುತ್ತಿದ್ದರೆ ಅಂಗಡಿಯವರು ನಕ್ಕರು, ಆಮೇಲೆ ಅವರೇ ಇನ್ನೊಂದು ಜೋಡಿ ತೆಗೆಸಿ ತೋರಿಸಿದರು. ಮೊದಲನೆಯದರಲ್ಲಿ ದೊಡ್ಡದರ ಅಂಚಿಗೆ ಒಂದು ಬಿಳಿ ಗೆರೆ ಇತ್ತು. ಪ್ಲಾಸ್ಟಿಕ್ ಹೆಡ್ ಆ ಅಳತೆಗೆ ತರಿಸಿ ಕೊಡುತ್ತೇನೆ ಅಂದಿದ್ದಾರೆ. ಚಿಕ್ಕದಕ್ಕೆ ಮಾತ್ರ ಹೇಳಿದ್ದೇನೆ, ಜೂನ್ ಹೊತ್ತಿಗೆ ಬದಲಿಸುತ್ತೇನೆ. ದೊಡ್ಡದು ತೊಗಲೇ ಇರಲಿ ಅಂತ. ಹೀಗೆ ಒಂದು ತೊಗಲು ಒಂದು ಪ್ಲಾಸ್ಟಿಕ್ ನಡೆಯುತ್ತಾ?

ಅಜ್ಜಿಗೆ ತೋರಿಸಿದೆ. ಹಜಾರದ ಕಪಾಟಿನಲ್ಲಿ ಇಟ್ಟುಕೋ ಅಂದರು. ಇಲಿಯೂ ಅಲ್ಲಿಗೆ ಬರಲ್ಲ.

ಒಂದು ತೊಂದರೆ. ಚಿಕ್ಕದನ್ನು ಬಾರಿಸಿದಾಗ ಹಿಂದಿನಿಂದ ಸಣ್ಣಗೆ ಜರ್‌ರ್ ಅನ್ನುತ್ತದೆ.

ಗದಗ ರಿದಮ್

ನಡೆಯುತ್ತದೆ, ಎಷ್ಟೋ ಜನ ಹಾಗೆಯೇ ಇಟ್ಟುಕೊಳ್ಳುತ್ತಾರೆ. ಚಿಕ್ಕದರ ಬಿಗಿ ಜಾಸ್ತಿ, ಹವೆಗೆ ಬೇಗ ಆಟ ಆಡುವುದೂ ಅದೇ. ತೆಗೆದ ತೊಗಲಿನ ಹೆಡ್ಡನ್ನು ಅದರ ಒಳಬಳೆಯ ಸಮೇತ ಚಪ್ಪಟೆಯಾಗಿ ಇಡು, ಮೇಲೆ ಭಾರ ಬೇಡ. ಮುಂದೆ ಯಾವಾಗಾದರೂ ಹರಿದರೆ ಆ ಒಳಬಳೆ ಬಿಸಾಡಬೇಡ. ತಬಲಾ ಪುಡಿ ಹಾಕುವವರ ಹತ್ತಿರ ಹಸಿ ತೊಗಲು ತಗೊಂಡು, ಒಂದು ರಾತ್ರಿ ನೀರಲ್ಲಿ ನೆನೆಸಿ, ಆ ಬಳೆಗೆ ಸುತ್ತಿ, ಡ್ರಮ್ಮಿನ ಮೇಲೆ ಕೂರಿಸಿ ನೆರಳಲ್ಲಿ ಪೂರ್ತಿ ಒಣಗಿಸಿದರೆ ಹೊಸ ಹೆಡ್ ತಯಾರು. ಆಡಿನ ತೊಗಲು ತೆಳು, ದೊಡ್ಡದಕ್ಕೆ ಸಾಕು. ಚಿಕ್ಕದಕ್ಕೆ ದಪ್ಪನೆಯದು ಬೇಕು.

ನಟ್ಟು ಬೋಲ್ಟು

ಜರ್‌ರ್ ಅಂದರೆ ತೊಗಲಿನದ್ದಲ್ಲ, ಕಬ್ಬಿಣದ್ದು. ಒಂದೊಂದೇ ಬೋಲ್ಟನ್ನ ಎರಡು ಬೆರಳಿಂದ ಹಿಡಿದುಕೊಂಡು ಇನ್ನೊಂದು ಕೈಯಿಂದ ತಟ್ಟು. ಯಾವುದನ್ನ ಹಿಡಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಎಲ್ಲಾ ಸರಿ ಇದ್ದರೆ ಅಡಿಯ ಬಳೆ, ಆಮೇಲೆ ನಡುವಿನ ತುಂಡಿನ ಸ್ಕ್ರೂ ನೋಡು.

ಕೇಶ್ವಾಪುರ ಹುಡುಗ

ನಡುವಿನ ತುಂಡಿನ ಸ್ಕ್ರೂ. ಅರ್ಧ ಸುತ್ತು ತಿರುಗಿಸಿದೆ, ನಿಂತಿತು. ಬೋಲ್ಟಿಗೆ ವ್ಯಾಸಲೀನೂ ಹಚ್ಚಿದೆ ಕಾಕಾ. ಚಿಕ್ಕದನ್ನು ಎಡಕ್ಕೆ ಇಟ್ಟುಕೊಂಡಿದ್ದೇನೆ, ಮಾಳಮಡ್ಡಿ ಕಾಕಾ ಕ್ಷಮಿಸಬೇಕು.

ಮಾಳಮಡ್ಡಿ ತಬಲಾ

ದಾದ್ರಾ ಬಂದಾಗ ಬಲಕ್ಕೆ ತಿರುಗಿಸಿಕೋ. ಭಾನುವಾರ ಅಭ್ಯಾಸ ಎಲ್ಲಿ ಅಂತ ಹೇಳು, ಕೇಳಲು ಬರುತ್ತೇನೆ.

ಕೇಶ್ವಾಪುರ ಹುಡುಗ

ಸಾಧನಕೇರಿ ಹತ್ತಿರ ಕಾಕಾ, ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ. ಸ್ಟ್ಯಾಂಡ್ ತಗೊಳ್ಳಬೇಕೋ ಬೇಡವೋ ಅಂತ ಬೇರೆ ಚರ್ಚೆ ಶುರು ಮಾಡುತ್ತೇನೆ. ಗಿಟಾರಿನವನು ನಿಂತು ಬಾರಿಸು ಅಂತ ಹಟ ಹಿಡಿದಿದ್ದಾನೆ.